ಗಾಯ ಮಾಯುವ ಲೆಕ್ಕ: ಮದುವೆ ಮನೆಯಿಂದ ವಾಟ್ಸಾಪ್‌ವರೆಗೆ ನನಗೆ ಪದೇ ಪದೇ ಬರುವ ಪ್ರಶ್ನೆಗಳು

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಚರ್ಮದ ಗಾಯಗಳ ಮೇಲೆ ಕೆಲಸ ಮಾಡುತ್ತೇನೆ. ಜೀವಕೋಶ, ರೋಗನಿರೋಧಕ ವ್ಯವಸ್ಥೆ, ಸ್ಟೆಮ್ ಸೆಲ್ (ಬೇರೆ ಕೋಶಗಳಾಗಿ ಬದಲಾಗಬಲ್ಲ ಮೂಲ ಕೋಶ) ಮೂರೂ ಇದರಲ್ಲಿ ಬೆರೆತಿವೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಊರಿನ ಬಸ್ಸಲ್ಲಿ ಕೇಳುತ್ತಾರೆ, ರಾತ್ರಿ ಹನ್ನೊಂದಕ್ಕೆ ಯಾರದೋ ಆಸ್ಪತ್ರೆ ಚೀಟಿಯ ಫೋಟೋ ಬಂದು ಬೀಳುತ್ತದೆ, ಕೆಳಗೆ "ಇದಕ್ಕೆ ಸ್ಟೆಮ್ ಸೆಲ್ ಆಗುತ್ತಾ?" ಅಂತ. ಒಂದೇ ಉತ್ತರವನ್ನು ನೂರು ಸಲ ಟೈಪ್ ಮಾಡಿ ಸಾಕಾಗಿದೆ. ಇನ್ನು ಮೇಲೆ ಇದನ್ನೇ ಕಳಿಸುತ್ತೇನೆ.

ನೀವು ಡಾಕ್ಟರಾ?

ಹೆಸರಿನ ಮುಂದೆ ಡಾ. ಇದೆ, ಕುತ್ತಿಗೆಗೆ ಸ್ಟೆತಾಸ್ಕೋಪ್ ಇಲ್ಲ. ಪಿಎಚ್‌ಡಿ ಡಾಕ್ಟರ್. ಜ್ವರಕ್ಕೆ ಮಾತ್ರೆ ಬರೆದುಕೊಡುವ ಅಧಿಕಾರ ನನಗಿಲ್ಲ. "ಹಾಗಾದ್ರೆ ಎಂಬಿಬಿಎಸ್ ಸೀಟ್ ಸಿಗಲಿಲ್ವಾ?" ಅನ್ನುವುದು ಸಾಮಾನ್ಯವಾಗಿ ಮುಂದಿನ ಪ್ರಶ್ನೆ. ಸಿಗಲಿಲ್ಲ.

ಮತ್ತೆ ದಿನವಿಡೀ ಏನು ಮಾಡುತ್ತೀರಿ?

ಮುಕ್ಕಾಲು ಪಾಲು ಜೀವಕೋಶ ಸಾಕುತ್ತೇನೆ. ಸಾಕುವುದು ಅಂದರೆ ದನ ಸಾಕಿದ ಹಾಗೇ, ಹೊತ್ತು ಹೊತ್ತಿಗೆ ಮೇವು ಹಾಕಬೇಕು, ಕಸ ತೆಗೆಯಬೇಕು, ಕಾಯಿಲೆ ಬಾರದ ಹಾಗೆ ನೋಡಿಕೊಳ್ಳಬೇಕು. ಪ್ಲಾಸ್ಟಿಕ್ ತಟ್ಟೆಯಲ್ಲಿ ಕೆಂಪು ಬಣ್ಣದ ಪೋಷಕ ದ್ರವ. ಅದರ ತಳಕ್ಕೆ ಅಂಟಿಕೊಂಡು ಚರ್ಮದ ಕೋಶಗಳು. 37 ಡಿಗ್ರಿ ಬಿಸಿ, 5% ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಅವು ಬೆಳೆಯುತ್ತವೆ. ಮೇವು ಮುಗಿದು ಹುಳಿ ಜಾಸ್ತಿ ಆದರೆ ದ್ರವ ಹಳದಿಗೆ ತಿರುಗುತ್ತದೆ, ಅದೇ ನಮಗೆ ಸೂಚನೆ.

ತಟ್ಟೆ ತುಂಬಿದ ಮೇಲೆ ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ಕೋಶಗಳನ್ನು ಬಿಡಿಸಿ, ಸ್ವಲ್ಪ ತೆಗೆದು ಹೊಸ ತಟ್ಟೆಗೆ ಹಾಕುತ್ತೇವೆ. ಮನೆಯಲ್ಲಿ ನಿನ್ನೆಯ ಮೊಸರಿನಲ್ಲಿ ಒಂದು ಚಮಚ ಹೆಪ್ಪಿಗೆ ಎತ್ತಿಡುತ್ತೀರಲ್ಲ, ಅದೇ ಲೆಕ್ಕ. ಒಂದು ವ್ಯತ್ಯಾಸ ಇದೆ. ಹೆಪ್ಪು ತಲೆಮಾರುಗಟ್ಟಲೆ ನಡೆಯುತ್ತದೆ, ಮನುಷ್ಯನ ಸಾಮಾನ್ಯ ಕೋಶಗಳು ಸುಮಾರು 50 ಸಲ ಒಡೆದು ಎರಡಾದ ಮೇಲೆ ಸುಸ್ತಾಗಿ ನಿಂತುಬಿಡುತ್ತವೆ.

ಭಾನುವಾರವೂ ಲ್ಯಾಬ್ ಯಾಕೆ?

ಕೋಶಗಳ ಕ್ಯಾಲೆಂಡರ್‌ನಲ್ಲಿ ಭಾನುವಾರ ಇಲ್ಲ. ಒಂದು ದೀಪಾವಳಿಗೆ ಊರಿಗೆ ಹೋಗುವ ಆತುರದಲ್ಲಿ ಹೊರಗಿನಿಂದ ಬಂದ ಕೋಶಗಳನ್ನು ಪರೀಕ್ಷೆ ಮಾಡದೆ ನಮ್ಮ ಕೋಶಗಳ ಪಕ್ಕದಲ್ಲೇ ಇಟ್ಟೆ. ಅದರಲ್ಲಿ ಮೈಕೋಪ್ಲಾಸ್ಮಾ ಇತ್ತು. ಇದು ಎಷ್ಟು ಚಿಕ್ಕ ಬ್ಯಾಕ್ಟೀರಿಯಾ ಅಂದರೆ ಸಾಮಾನ್ಯ ಮೈಕ್ರೋಸ್ಕೋಪ್‌ನಲ್ಲಿ ಕಣ್ಣಿಗೇ ಬೀಳುವುದಿಲ್ಲ, ಕೋಶವನ್ನು ಕೊಲ್ಲುವುದೂ ಇಲ್ಲ, ಸುಮ್ನೆ ಒಳಗಿದ್ದುಕೊಂಡು ಎಲ್ಲ ಫಲಿತಾಂಶವನ್ನೂ ಹಾಳು ಮಾಡುತ್ತದೆ. ನಾಲ್ಕು ತಿಂಗಳ ಕೆಲಸ ಡಬ್ಬಿಗೆ ಹೋಯಿತು. ತಪ್ಪು ನನ್ನದೇ.

ಗಾಯ ತಾನಾಗೇ ಮಾಯುತ್ತದಲ್ಲ, ಅದರಲ್ಲಿ ಸಂಶೋಧನೆ ಮಾಡೋದೇನಿದೆ?

ಬೇರೆ ಯಾವ ಉತ್ತರ ಓದದಿದ್ದರೂ ಇದೊಂದನ್ನು ಓದಿ.

ಮದುವೆ ಮನೆಯಲ್ಲಿ ಮೊದಲ ಪಂಕ್ತಿಯ ಎಲೆ ಎತ್ತಿ, ಮೇಜು ಒರೆಸದೆ ಎರಡನೇ ಪಂಕ್ತಿ ಕೂರುವಂತಿಲ್ಲ ಅಲ್ವಾ? ಗಾಯದಲ್ಲೂ ಹಾಗೇ. ಚರ್ಮ ಕೊಯ್ದ ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ನುಗ್ಗಿ ಬಂದು ಕ್ರಿಮಿಗಳ ಮೇಲೆ ಬೀಳುತ್ತವೆ. ಎರಡು ಮೂರು ದಿನಕ್ಕೆ ಮ್ಯಾಕ್ರೋಫೇಜ್‌ಗಳದ್ದೇ ಕಾರುಬಾರು. ಸತ್ತ ಕೋಶ, ಕಸ, ಕ್ರಿಮಿ ಎಲ್ಲ ನುಂಗುವುದು ಇವುಗಳ ಕೆಲಸ. ಎಲೆ ಎತ್ತುವವರು ಅಂದುಕೊಳ್ಳಿ. ವಿಶೇಷ ಏನೆಂದರೆ, ಕಸ ಖಾಲಿ ಆಗುತ್ತಿದ್ದ ಹಾಗೆ ಇವು ಗುಣ ಬದಲಾಯಿಸುತ್ತವೆ. ಇಷ್ಟು ಹೊತ್ತು ಊತ, ಉರಿ, ಕೆಂಪು ಹಬ್ಬಿಸುತ್ತಿದ್ದವೇ ಈಗ "ಬನ್ನಿ, ಕೂತ್ಕೊಳ್ಳಿ" ಅಂತ ಹೊಸ ರಕ್ತನಾಳಗಳನ್ನೂ ಚರ್ಮದ ಕೋಶಗಳನ್ನೂ ಕರೆಯುತ್ತವೆ. ಆಗ ಹಕ್ಕಳೆಯ ಅಡಿಯಲ್ಲಿ ಹೊಸ ಚರ್ಮ ಅಂಚಿನಿಂದ ಒಳಕ್ಕೆ ತೆವಳಿಕೊಂಡು ಬರುತ್ತದೆ.

ಸಕ್ಕರೆ ಕಾಯಿಲೆಯವರ ಕಾಲಿನ ಗಾಯದಲ್ಲಿ ಕೈಕೊಡುವುದು ಈ ಬದಲಾವಣೆ. ಎಲೆ ಎತ್ತುವವರು ಎತ್ತುತ್ತಲೇ ಇರುತ್ತಾರೆ, ಎರಡನೇ ಪಂಕ್ತಿ ಕೂರುವುದೇ ಇಲ್ಲ. ಮ್ಯಾಕ್ರೋಫೇಜ್‌ಗಳು ಊತದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ರಕ್ತ ಓಡಾಟ ಕಡಿಮೆ, ನರ ಸತ್ತು ನೋವೂ ಗೊತ್ತಾಗುವುದಿಲ್ಲ, ತಿಂಗಳುಗಟ್ಟಲೆ ಗಾಯ ತೆರೆದೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಸಮೀಕ್ಷೆ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ನಮ್ಮ ಸೋದರಮಾವ ಅವರಲ್ಲಿ ಒಬ್ಬರು. ಗದ್ದೆಯಲ್ಲಿ ಕಲ್ಲು ತಾಗಿದ್ದು ಹೆಬ್ಬೆರಳಿಗೆ, ಆರು ತಿಂಗಳಾದ ಮೇಲೆ ತೆಗೆಸಬೇಕಾಗಿ ಬಂದದ್ದು ಎರಡು ಬೆರಳು. ನಾನು ಈ ವಿಷಯಕ್ಕೆ ಬಂದದ್ದು ಅದಾದ ಮೇಲೆ.

ಹಾಗಾಗಿ ನನ್ನ ಪ್ರಶ್ನೆ ತುಂಬ ಸಣ್ಣದು: ಮ್ಯಾಕ್ರೋಫೇಜ್‌ಗೆ "ಸಾಕು, ಈಗ ಬದಲಾಗು" ಅಂತ ಹೇಳುವವರು ಯಾರು? ಚರ್ಮದ ಸ್ಟೆಮ್ ಸೆಲ್‌ಗಳೇ ಹೇಳುತ್ತವಾ? ಅದಕ್ಕೇ ಎರಡನ್ನೂ ಒಂದೇ ತಟ್ಟೆಯಲ್ಲಿ ಬೆಳೆಸಿ ಅವುಗಳ ಮಾತು ಕದ್ದು ಕೇಳುತ್ತೇನೆ.

(ಮ್ಯಾಕ್ರೋಫೇಜ್ ಬಗ್ಗೆ ಇನ್ನೊಂದು ಮಾತು. ಅಜ್ಜಿ ಕೈಮೇಲಿನ ಹಚ್ಚೆ ಅರವತ್ತು ವರ್ಷವಾದರೂ ಅಳಿಸುವುದಿಲ್ಲ ಯಾಕೆ ಗೊತ್ತಾ? ಮ್ಯಾಕ್ರೋಫೇಜ್ ಆ ಬಣ್ಣವನ್ನು ನುಂಗುತ್ತದೆ, ಕರಗಿಸಲು ಆಗುವುದಿಲ್ಲ, ಅದು ಸತ್ತಾಗ ಹೊರಬಿದ್ದ ಬಣ್ಣವನ್ನು ಮುಂದಿನದು ನುಂಗುತ್ತದೆ. ಇದನ್ನು 2018ರಲ್ಲಿ ಇಲಿಗಳಲ್ಲಿ ತೋರಿಸಿದರು.)

ಇದನ್ನೆಲ್ಲ ಮೊದಲು ಕಂಡುಹಿಡಿದವರು ಯಾರು?

ಕೋಶಗಳು ಕಸ ನುಂಗಿ ನಮ್ಮನ್ನು ಕಾಯುತ್ತವೆ ಅಂತ ಮೊದಲು ವಾದ ಮಾಡಿದವರು ಇಲ್ಯಾ ಮೆಚ್ನಿಕೋವ್. 1882, ಇಟಲಿಯ ಮೆಸ್ಸೀನಾ. ಮನೆಯವರು ಸರ್ಕಸ್ ನೋಡಲು ಹೋಗಿದ್ದಾಗ ಇವರೊಬ್ಬರೇ ಮೈಕ್ರೋಸ್ಕೋಪ್ ಮುಂದೆ ಕೂತಿದ್ದರಂತೆ. ಗಾಜಿನಷ್ಟು ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳಿಗೆ ತೋಟದ ಮುಳ್ಳು ಚುಚ್ಚಿಟ್ಟರು. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ನಮ್ಮಲ್ಲಿ ಆಗುವುದೂ ಅದೇ. 1908ರಲ್ಲಿ ನೊಬೆಲ್ ಬಂತು.

ಹಲ್ಲಿಗೆ ಬಾಲ ಬೆಳೆಯುತ್ತೆ, ನಮಗೆ ಬೆರಳು ಯಾಕೆ ಬೆಳೆಯಲ್ಲ?

ಹಲ್ಲಿಯೂ ಸ್ವಲ್ಪ ಮೋಸ ಮಾಡುತ್ತದೆ. ಹೊಸ ಬಾಲದಲ್ಲಿ ಬೆನ್ನುಮೂಳೆಯ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಕೊಳವೆ ಇರುತ್ತದೆ. ಅಸಲಿ ಉಸ್ತಾದ್ ಅಂದರೆ ಮೆಕ್ಸಿಕೋದ ಆಕ್ಸೊಲೋಟಲ್, ನೀರಲ್ಲಿ ಬದುಕುವ ಒಂದು ಉಭಯಚರ. ಕಾಲು ಕತ್ತರಿಸಿದರೆ ಮೂಳೆ, ನರ, ಬೆರಳು ಸಮೇತ ಇಡೀ ಕಾಲು ಬರುತ್ತದೆ.

2013ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಆಕ್ಸೊಲೋಟಲ್‌ನ ಮೈಯಿಂದ ಮ್ಯಾಕ್ರೋಫೇಜ್‌ಗಳನ್ನು ಇಲ್ಲದಂತೆ ಮಾಡಿ ಕಾಲು ಕತ್ತರಿಸಿತು. ಗಾಯ ಮುಚ್ಚಿಕೊಂಡಿತು, ಕಾಲು ಬರಲಿಲ್ಲ. ನಮ್ಮ ಹಾಗೆ ಗಟ್ಟಿ ಕಲೆ ಉಳಿಯಿತು! ಮ್ಯಾಕ್ರೋಫೇಜ್‌ಗಳು ವಾಪಸ್ ಬಂದ ಮೇಲೆ ಅದೇ ಮೊಂಡು ಕಾಲನ್ನು ಮತ್ತೆ ಸ್ವಲ್ಪ ಕತ್ತರಿಸಿದಾಗ ಬೆಳೆಯಿತು. ಈ ಪ್ರಯೋಗ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಮತ್ತೆ ಬೆಳೆಯುವ ಶಕ್ತಿ ಅಂದರೆ ಬರೀ ಸ್ಟೆಮ್ ಸೆಲ್ ಅಂದುಕೊಂಡಿದ್ದೆ, ನೋಡಿದರೆ ಅನುಮತಿ ಕೊಡುವವರು ಬೇರೆಯೇ ಇದ್ದಾರೆ.

ಮನುಷ್ಯರಲ್ಲೂ ಈ ಶಕ್ತಿ ಪೂರ್ತಿ ಇಲ್ಲದೆ ಇಲ್ಲ. ಪಿತ್ತಜನಕಾಂಗದ ಒಂದು ಭಾಗ ದಾನ ಮಾಡಿದರೆ ಉಳಿದದ್ದು ಹಿಗ್ಗಿ ಹಳೆಯ ಗಾತ್ರದ ಹತ್ತಿರಕ್ಕೆ ಬರುತ್ತದೆ. ಚಿಕ್ಕ ಮಕ್ಕಳ ಬೆರಳ ತುದಿ, ಉಗುರಿನ ಬುಡ ಉಳಿದಿದ್ದರೆ, ಮತ್ತೆ ಬೆಳೆದದ್ದುಂಟು. ಬಾಯಿ ಒಳಗೆ ಕಚ್ಚಿಕೊಂಡ ಗಾಯ ಬೇಗ ಮಾಯುತ್ತದೆ, ಕಲೆಯೂ ಅಷ್ಟಾಗಿ ಉಳಿಯುವುದಿಲ್ಲ. ಗರ್ಭದಲ್ಲಿರುವ ಎಳೆ ಶಿಶುವಿನ ಚರ್ಮವೂ ಕಲೆಯಿಲ್ಲದೆ ಕೂಡಿಕೊಳ್ಳುತ್ತದೆ.

ಸ್ಟೆಮ್ ಸೆಲ್ ಅಂದರೆ ಸರಳವಾಗಿ ಏನು?

ತನ್ನಂಥದ್ದೇ ಇನ್ನೊಂದನ್ನು ಮಾಡಿಕೊಳ್ಳುತ್ತಾ, ಬೇಕಾದಾಗ ಬೇರೆ ಕೆಲಸದ ಕೋಶವಾಗಿಯೂ ಬದಲಾಗಬಲ್ಲ ಕೋಶ. ಪತ್ರಿಕೆಗಳಲ್ಲಿ ಕಾಂಡಕೋಶ, ಆಕರ ಕೋಶ ಅಂತ ಬರೆಯುತ್ತಾರೆ. ಬೋನ್ ಮ್ಯಾರೋದಲ್ಲಿರುವವು ರಕ್ತ ಮಾಡುತ್ತವೆ, ಚರ್ಮದಲ್ಲಿರುವವು ಚರ್ಮ ಮಾಡುತ್ತವೆ. ಚರ್ಮದ್ದನ್ನು ತೆಗೆದು ಮೆದುಳಿಗೆ ಚುಚ್ಚಿದರೆ ಮೆದುಳಾಗುವುದಿಲ್ಲ. ಮೋಸದ ಜಾಹೀರಾತುಗಳೆಲ್ಲ ಆಟವಾಡುವುದು ಇಲ್ಲೇ.

ಆದರೆ 2006ರಲ್ಲಿ ಕ್ಯೋಟೋದ ಶಿನ್ಯಾ ಯಮನಕ, ಕಝುತೋಶಿ ತಕಹಾಶಿ ಇಬ್ಬರೂ ಸೇರಿ 24 ಜೀನ್‌ಗಳನ್ನು ಒಂದೊಂದಾಗಿ ಬಿಟ್ಟು ನೋಡುತ್ತಾ ಕೊನೆಗೆ 4ಕ್ಕೆ ಇಳಿಸಿದರು. ಆ ನಾಲ್ಕನ್ನು ಹಾಕಿದರೆ ಇಲಿಯ ಸಾಮಾನ್ಯ ಚರ್ಮದ ಕೋಶ ಭ್ರೂಣದ ಕೋಶದ ಹಾಗಾಗುತ್ತದೆ, ಅಲ್ಲಿಂದ ಯಾವ ಕೋಶ ಬೇಕಾದರೂ ಆಗಬಹುದು. ಮರುವರ್ಷ ಮನುಷ್ಯನ ಕೋಶದಲ್ಲೂ ಆಯಿತು. ಇವೇ ಐಪಿಎಸ್ ಕೋಶಗಳು. 1962ರಲ್ಲೇ ಕಪ್ಪೆಯಲ್ಲಿ ಇದಕ್ಕೆ ದಾರಿ ತೋರಿಸಿದ್ದ ಜಾನ್ ಗರ್ಡನ್ ಜೊತೆ ಯಮನಕ ಅವರಿಗೆ 2012ರಲ್ಲಿ ನೊಬೆಲ್ ಬಂತು.

ಹಾಗಾದರೆ ಬೇಕಾದ ಅಂಗ ಮಾಡಿ ಹಾಕಿಬಿಡಬಹುದಲ್ಲ?

ಮಾಡುವುದು ಅರ್ಧ ಕಷ್ಟ. ಮೈ ಒಪ್ಪಿಕೊಳ್ಳುವುದು ಇನ್ನರ್ಧ, ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಅರ್ಧ.

ಎರಡನೇ ಮಹಾಯುದ್ಧದ ಹೊತ್ತಿಗೆ ಗ್ಲಾಸ್ಗೋದಲ್ಲಿ ಸುಟ್ಟ ಗಾಯದ ಹೆಂಗಸೊಬ್ಬರಿಗೆ ಅವರ ಅಣ್ಣತಮ್ಮನ ಚರ್ಮ ಕಸಿ ಮಾಡಿದರು. ಉದುರಿತು. ಅದೇ ವ್ಯಕ್ತಿಯಿಂದ ಎರಡನೇ ಸಲ ತೆಗೆದು ಹಾಕಿದಾಗ ಇನ್ನೂ ಬೇಗ ಉದುರಿತು. ಅಂದರೆ ಮೈ ನೆನಪಿಟ್ಟುಕೊಂಡಿತ್ತು. ಇದನ್ನು ಗಮನಿಸಿದ ಪೀಟರ್ ಮೆಡಾವರ್ 1960ರಲ್ಲಿ ನೊಬೆಲ್ ಹಂಚಿಕೊಂಡರು. ಒಡಹುಟ್ಟಿದವರಲ್ಲೂ ಅಂಗಾಂಶ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಅಷ್ಟೇ. ಜಾತಕ ಕೂಡಿದಷ್ಟು ಸುಲಭ ಅಲ್ಲ.

ಈಗಿನ ಉದಾಹರಣೆ ಬೇಕಾದರೆ ಟೈಪ್ 1 ಸಕ್ಕರೆ ಕಾಯಿಲೆ ನೋಡಿ. ಸ್ಟೆಮ್ ಸೆಲ್‌ನಿಂದ ಇನ್ಸುಲಿನ್ ಮಾಡುವ ಕೋಶ ತಯಾರಿಸಿ ಪಿತ್ತಜನಕಾಂಗದ ರಕ್ತನಾಳಕ್ಕೆ ಬಿಟ್ಟ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನಕ್ಕೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಇಂಜೆಕ್ಷನ್ ಬೇಕಾಗಿರಲಿಲ್ಲ. ಅದ್ಭುತ. ಆದರೆ ಅವರೆಲ್ಲ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಲೇ ಇರಬೇಕು. ಅದರಿಂದ ಸೋಂಕು, ಇನ್ನೂ ಬೇರೆ ತೊಂದರೆಗಳು. ಸೂಜಿ ಬಿಟ್ಟು ಮಾತ್ರೆ ಹಿಡಿದ ಹಾಗೆ. ಆ ಮಾತ್ರೆಯೂ ಬೇಡವಾಗುವ ಹಾಗೆ ಮಾಡುವುದು ಹೇಗೆ ಅಂತ ಈಗ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾರೆ.

ಈ ವಿದ್ಯೆಯಿಂದ ನಿಜವಾಗಿ ಯಾರಾದರೂ ಬದುಕಿದ್ದಾರಾ?

ಬೋನ್ ಮ್ಯಾರೋ ಕಸಿ ಸ್ಟೆಮ್ ಸೆಲ್ ಚಿಕಿತ್ಸೆಯೇ. ಭಾರತದಲ್ಲಿ 1983ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಶುರುವಾಯಿತು. ಅದರಿಂದ ಬದುಕಿದವರು ನಿಮ್ಮ ಊರಲ್ಲೇ ಇರಬಹುದು.

ನನಗೆ ಇಷ್ಟವಾದ ಕಥೆ ಜರ್ಮನಿಯ ಬೋಹುಮ್ ಊರಿನದು. ಏಳು ವರ್ಷದ ಹುಡುಗ, ಸಿರಿಯಾದಿಂದ ಬಂದ ಕುಟುಂಬ. ಚರ್ಮದ ಪದರಗಳನ್ನು ಹಿಡಿದಿಡುವ ಪ್ರೋಟೀನ್‌ನ ಜೀನ್ ಹುಟ್ಟಿನಿಂದಲೇ ಕೆಟ್ಟಿತ್ತು, ಮುಟ್ಟಿದರೆ ಚರ್ಮ ಕಿತ್ತು ಬರುತ್ತಿತ್ತು. 2015ರ ಹೊತ್ತಿಗೆ ಮೈಮೇಲಿನ ಹೊರಚರ್ಮ ಬಹುಪಾಲು ಹೋಗಿತ್ತು. ಇಟಲಿಯ ಮೋದೆನಾದಲ್ಲಿ ಮಿಕೆಲೆ ದೆ ಲೂಕಾ ಅವರ ತಂಡ ಅಂಚೆಚೀಟಿಯಷ್ಟು ಚರ್ಮ ತೆಗೆದುಕೊಂಡು, ಅದರ ಕೋಶಗಳಿಗೆ ಸರಿಯಾದ ಜೀನ್ ಸೇರಿಸಿ, ಹಾಳೆ ಹಾಳೆಯಾಗಿ ಬೆಳೆಸಿ ಕಳಿಸಿತು. ಮೈಯ ಸುಮಾರು 80% ಭಾಗಕ್ಕೆ ಹೊಸ ಚರ್ಮ. ಹುಡುಗ ಶಾಲೆಗೆ ಹೋದ, ಫುಟ್‌ಬಾಲ್ ಆಡಿದ. ಅವನದೇ ಕೋಶ, ಹಾಗಾಗಿ ಮೈ ತಿರಸ್ಕರಿಸಲಿಲ್ಲ. ಚರ್ಮದ ಹಾಳೆ ಬೆಳೆಸುವ ವಿದ್ಯೆ ಅಮೆರಿಕದ ಹೊವರ್ಡ್ ಗ್ರೀನ್ 1975ರಲ್ಲಿ ಕಲಿಸಿದ್ದು. ತಟ್ಟೆಯಿಂದ ಈ ಹುಡುಗನ ಮೈಗೆ ಬರಲು 40 ವರ್ಷ. "ನಿಮ್ಮ ಔಷಧಿ ಯಾವಾಗ ಬರುತ್ತೆ?" ಅಂತ ಕೇಳುವವರಿಗೂ ಇದೇ ನನ್ನ ಉತ್ತರ.

ನಮ್ಮ ಹತ್ತಿರದ್ದೂ ಒಂದಿದೆ. ವೆಲ್ಲೂರಿನ ಸಿಎಂಸಿಯಲ್ಲಿ ತೀವ್ರ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದ್ದ 5 ಜನರ ರಕ್ತದ ಸ್ಟೆಮ್ ಸೆಲ್‌ಗಳಿಗೆ ಜೀನ್ ಸೇರಿಸಿ ವಾಪಸ್ ಕೊಟ್ಟರು, ರಕ್ತಸ್ರಾವ ನಿಂತಿತು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅಲ್ಲಿನ ಸ್ಟೆಮ್ ಸೆಲ್ ಕೇಂದ್ರ ಬೆಂಗಳೂರಿನ ಸ್ಟೆಮ್ ಸೆಲ್ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನ ಘಟಕ.

ಮಗುವಿನ ಹೊಕ್ಕುಳಬಳ್ಳಿ ರಕ್ತ ಬ್ಯಾಂಕಿನಲ್ಲಿ ಇಡಿಸಬೇಕಾ? ಆಸ್ಪತ್ರೆಯಲ್ಲಿ ಏಜೆಂಟ್ ಬಂದಿದ್ದಾರೆ.

ಬೇಡ. ಮುಂದೆ ತನಗೇ ಬೇಕಾದೀತು ಅಂತ ದುಡ್ಡು ಕೊಟ್ಟು ಇಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಐಸಿಎಂಆರ್ ಮಾರ್ಗಸೂಚಿಯೇ ಹೇಳುತ್ತದೆ. ಮಗುವಿಗೆ ಹುಟ್ಟಿನಿಂದ ರಕ್ತದ ಕಾಯಿಲೆ ಇದ್ದರೆ ಅದೇ ದೋಷ ಆ ರಕ್ತದಲ್ಲೂ ಇರುತ್ತದೆ ಅಲ್ವಾ? ಮನೆಯಲ್ಲಿ ಮೊದಲನೇ ಮಗುವಿಗೆ ಥಲಸ್ಸೀಮಿಯಾದಂಥ ಕಾಯಿಲೆ ಇದ್ದು, ಎರಡನೆಯದರ ರಕ್ತ ಅದಕ್ಕೆ ಉಪಯೋಗಕ್ಕೆ ಬರಬಹುದು ಅನ್ನುವಂತಿದ್ದರೆ ಮಾತು ಬೇರೆ. ಆಗ ಏಜೆಂಟ್ ಬಿಟ್ಟು ರಕ್ತರೋಗ ತಜ್ಞರನ್ನು ಕೇಳಿ.

ಮಂಡಿ ನೋವಿಗೆ, ಆಟಿಸಂಗೆ, ಕಣ್ಣಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡ್ತಾರಂತೆ. ಕೊಡಿಸೋಣವಾ?

ವಾಟ್ಸಾಪ್‌ನಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ. ಕೇಳುವವರ ಕಷ್ಟ ಗೊತ್ತು, ಹೊಲ ಮಾರಲು ತಯಾರಾದವರೂ ಕೇಳಿದ್ದಾರೆ. ಆದರೂ ನೇರವಾಗಿ ಹೇಳುತ್ತೇನೆ. 2017ರ ಐಸಿಎಂಆರ್ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಬೋನ್ ಮ್ಯಾರೋ ಥರದ ಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗ. ಪ್ರಯೋಗ ಆದರೆ ಅದು ಸರ್ಕಾರದ ಸಿಟಿಆರ್‌ಐ ಪಟ್ಟಿಯಲ್ಲಿ ನೋಂದಣಿ ಆಗಿರಬೇಕು, ನಿಮ್ಮಿಂದ ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳಬಾರದು. ನೋಂದಣಿ ಸಂಖ್ಯೆ ಕೇಳಿ. ಮಾತು ತಿರುಗಿಸಿದರೆ ಎದ್ದು ಬನ್ನಿ.

"ಪ್ರಯೋಜನ ಆಗದಿದ್ದರೂ ತೊಂದರೆ ಏನಿಲ್ಲ ಅಲ್ವಾ?" ಅನ್ನುತ್ತಾರೆ. ಇದೆ. ಅಮೆರಿಕದ ಫ್ಲೋರಿಡಾದಲ್ಲಿ ಮೂವರು ಹೆಂಗಸರ ಎರಡೂ ಕಣ್ಣಿಗೆ ಅವರದೇ ಹೊಟ್ಟೆಯ ಕೊಬ್ಬಿನಿಂದ ತೆಗೆದ "ಸ್ಟೆಮ್ ಸೆಲ್" ಚುಚ್ಚಿದರು. ಇದ್ದ ದೃಷ್ಟಿಯೂ ಬಹುಪಾಲು ಹೋಯಿತು. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದ ಪ್ರಕರಣ ಇದು. ದೊಡ್ಡ ಸಂಸ್ಥೆ ಅಂತ ಕಣ್ಣುಮುಚ್ಚಿ ನಂಬುವುದೂ ಬೇಡ. ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವೊಲೊ ಮಾಕಿಯಾರಿನಿ ಅನ್ನುವ ಸರ್ಜನ್ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ಸ್ಟೆಮ್ ಸೆಲ್ ಲೇಪಿಸಿ ಹಾಕಿದರು, ಪತ್ರಿಕೆಗಳೆಲ್ಲ ಹೊಗಳಿದವು. ಅಲ್ಲಿ ಹಾಕಿಸಿಕೊಂಡ ಮೂವರೂ ತೀರಿಕೊಂಡರು. 2023ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಅವರಿಗೆ ಎರಡೂವರೆ ವರ್ಷ ಜೈಲು ಶಿಕ್ಷೆ ಕೊಟ್ಟಿತು.

ಗಾಯಕ್ಕೆ ಅರಿಶಿನ ಹಚ್ಚಬಹುದಾ?

ಅಮ್ಮನೂ ಇದನ್ನೇ ಕೇಳುತ್ತಾರೆ. ಗಾಯಕ್ಕೆ ಅರಿಶಿನ ಅನ್ನುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು, ನಮ್ಮ ಸರ್ಕಾರದ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿತು. ಅಲ್ಲಿ ಗೆದ್ದದ್ದು "ಇದು ಹೊಸದಲ್ಲ" ಅನ್ನುವ ವಾದ, "ಇದರಿಂದ ವಾಸಿಯಾಗುತ್ತದೆ" ಅನ್ನುವುದು ಅಲ್ಲ. ಅರಿಶಿನದ ಕರ್ಕ್ಯುಮಿನ್ ತಟ್ಟೆಯಲ್ಲಿ ಎಲ್ಲದಕ್ಕೂ ಕೆಲಸ ಮಾಡಿದ ಹಾಗೆ ಕಾಣುತ್ತದೆ, ಪ್ರಯೋಗವನ್ನು ಹಾದಿ ತಪ್ಪಿಸುವುದರಲ್ಲಿ ಅದಕ್ಕೆ ಹೆಸರಿದೆ. ತರಕಾರಿ ಹೆಚ್ಚುವಾಗ ಆದ ಗೀರಿಗೆ ನಿಮ್ಮ ಇಷ್ಟ. ಸಕ್ಕರೆ ಕಾಯಿಲೆಯವರ ಕಾಲಿಗೆ ಮಾತ್ರ ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಅದೇ ದಿನ ಡಾಕ್ಟರಿಗೆ ತೋರಿಸಿ. ದಿನಾ ರಾತ್ರಿ ಪಾದದ ಅಡಿ ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ಮೊಮ್ಮಕ್ಕಳ ಕೈಲಿ ನೋಡಿಸಿ.

ರೋಗನಿರೋಧಕ ಶಕ್ತಿ ಜಾಸ್ತಿ ಆಗಲು ಏನು ತಿನ್ನಬೇಕು?

ಜಾಸ್ತಿ ಆದರೆ ಒಳ್ಳೆಯದು ಅಂತ ಯಾರು ಹೇಳಿದ್ದು? ಲೂಪಸ್, ಸಂಧಿವಾತ, ಟೈಪ್ 1 ಸಕ್ಕರೆ ಕಾಯಿಲೆ ಎಲ್ಲ ಅದು ಹದ್ದುಮೀರಿ ನಮ್ಮ ಮೈ ಮೇಲೇ ಬಿದ್ದಾಗ ಆಗುವುದು. ಅದಕ್ಕೆ ಲಗಾಮು ಹಾಕುವ ರೆಗ್ಯುಲೇಟರಿ ಟಿ ಕೋಶಗಳ ಕೆಲಸಕ್ಕೇ 2025ರ ನೊಬೆಲ್ ಹೋದದ್ದು, ಸಕಾಗುಚಿ, ಬ್ರಂಕೋ, ರಾಮ್ಸ್‌ಡೆಲ್ ಅವರಿಗೆ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಲಸಿಕೆ. ಡಬ್ಬಿಯಲ್ಲಿ ಬರುವ ಪುಡಿ ಬೇಡ.

ಇಲಿಗಳನ್ನು ಕೊಲ್ತೀರಾ?

ಹೌದು. ಪ್ರಾಣಿ ಪ್ರಯೋಗಗಳ ಸಮಿತಿ ಒಪ್ಪಿದಷ್ಟೇ ಸಂಖ್ಯೆ, ಅರಿವಳಿಕೆ ಕೊಟ್ಟು. ಅಭ್ಯಾಸ ಆಗುತ್ತದೆ ಅಂತ ಹಿರಿಯರು ಹೇಳಿದ್ದರು, ನನಗೆ ಪೂರ್ತಿ ಆಗಿಲ್ಲ.

ಇಲಿಯ ಗಾಯ ನಮ್ಮದರ ಹಾಗೆ ಮಾಯುವುದೂ ಇಲ್ಲ. ಹಸುವಿನ ಮೈಮೇಲೆ ನೊಣ ಕೂತಾಗ ಅಲ್ಲಿ ಮಾತ್ರ ಚರ್ಮ ಅದುರುತ್ತದಲ್ಲ, ಚರ್ಮದ ಕೆಳಗಿನ ಆ ತೆಳು ಸ್ನಾಯು ಇಲಿಗೂ ಇದೆ, ನಮಗೆ ಹೆಚ್ಚುಕಡಿಮೆ ಇಲ್ಲ. ದಾರ ಎಳೆದಾಗ ಚೀಲದ ಬಾಯಿ ಮುಚ್ಚುವ ಹಾಗೆ ಇಲಿಯ ಗಾಯ ಸುಕ್ಕುಗಟ್ಟಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಗಾಯದ ಸುತ್ತ ಸಿಲಿಕೋನ್ ಉಂಗುರ ಹೊಲಿದು, ಸುಕ್ಕುಗಟ್ಟದ ಹಾಗೆ ತಡೆದು ನೋಡುತ್ತೇವೆ. "ಇಲಿಗಳಲ್ಲಿ ಗಾಯ ಮೂರೇ ದಿನಕ್ಕೆ ವಾಸಿ" ಅನ್ನುವ ಸುದ್ದಿ ಓದಿದರೆ ಉಂಗುರ ಹಾಕಿದ್ದರಾ ಅಂತ ಕೇಳಿ.

ನಮ್ಮ ಮಗಳು ಈ ಲೈನಿಗೆ ಬರಬಹುದಾ? ಸಂಬಳ ಎಷ್ಟು?

ಬರಲಿ. ಬಿಎಸ್ಸಿ, ಎಂಎಸ್ಸಿ ಆದಮೇಲೆ ಸಿಎಸ್‌ಐಆರ್-ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕರೆ ಪಿಎಚ್‌ಡಿಯ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಇದು 2023ರಿಂದ ಇರುವ ದರ. ಅದು ತಿಂಗಳು ತಿಂಗಳು ಸರಿಯಾಗಿ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ, ನನಗೆ ಒಮ್ಮೆ ಏಳು ತಿಂಗಳದ್ದು ಒಟ್ಟಿಗೆ ಬಂದಿತ್ತು, ಅಷ್ಟರಲ್ಲಿ ಅಕ್ಕನ ಹತ್ತಿರ ಸಾಲ. ಮುಗಿಸಲು ಐದಾರು ವರ್ಷ. "ಇನ್ನೂ ಓದ್ತಾ ಇದ್ದಾಳಾ?" ಅಂತ ಕೇಳುವ ನೆಂಟರಿಗೆ ಉತ್ತರ ಕೊಡುವ ಜವಾಬ್ದಾರಿ ನಿಮ್ಮದು. ಬೆಂಗಳೂರಲ್ಲೇ ಐಐಎಸ್ಸಿ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್, ಜಕ್ಕೂರಿನ ಜೆಎನ್‌ಸಿಎಎಸ್‌ಆರ್ ಇವೆ. ಕನ್ನಡ ಮೀಡಿಯಂ ಆದರೆ ಇಂಗ್ಲಿಷ್ ಮೊದಲ ವರ್ಷ ಕಾಡುತ್ತದೆ, ನನಗೂ ಕಾಡಿತ್ತು, ಎರಡನೇ ವರ್ಷಕ್ಕೆ ಕೋಶಗಳು ಅದಕ್ಕಿಂತ ಜಾಸ್ತಿ ಕಾಡುತ್ತವೆ.

ಲ್ಯಾಬ್ ನೋಡಲು ಬರಬಹುದಾ?

ಬನ್ನಿ, ಒಂದು ವಾರ ಮೊದಲು ಹೇಳಿ. ಮೈಕ್ರೋಸ್ಕೋಪ್‌ನಲ್ಲಿ ನೇರವಾಗಿ ನೋಡಿದರೆ ಮ್ಯಾಕ್ರೋಫೇಜ್ ಕದಲದೆ ಕೂತ ಹಾಗೆ ಕಾಣುತ್ತದೆ, ನಿರಾಸೆ ಆಗುತ್ತದೆ. ರಾತ್ರಿಯಿಡೀ ತೆಗೆದು ಒಂದು ನಿಮಿಷಕ್ಕೆ ಇಳಿಸಿದ ವಿಡಿಯೋ ಇದೆ, ಅದನ್ನು ತೋರಿಸುತ್ತೇನೆ. ಚಪ್ಪಲಿ ಹಾಕಿಕೊಂಡು ಬಂದರೆ ಒಳಗೆ ಬಿಡುವುದಿಲ್ಲ. ಬೆರಳು ಮುಚ್ಚುವ ಶೂ ಬೇಕು.